ಮೆಟ್ಟಿಲ ಮೇಲೆ ತಲೆ ತಾಗುತ್ತದೆಯೇ? ಕಂಪ್ಯೂಟರಿನಲ್ಲೇ ನೋಡಿಕೊಳ್ಳುವ ಬಗೆ

ಮೊದಲ ತಕರಾರು ಹೆಡ್‌ರೂಮ್ ಎಂಬ ಪದದ್ದೇ. ಸೈಟಿನಲ್ಲಿ ಮೇಸ್ತ್ರಿಯ ಹತ್ತಿರ "ಹೆಡ್‌ರೂಮ್ ಎಷ್ಟು ಬಂತು?" ಅಂತ ಕೇಳಿ ನೋಡಿ. ಟೆರೇಸಿನಲ್ಲಿ ಮೆಟ್ಟಿಲು ಮುಗಿಯುವ ಕಡೆ ಕಟ್ಟುತ್ತಾರಲ್ಲ, ಆ ಸಣ್ಣ ಕೋಣೆಯ ಅಳತೆ ಹೇಳುತ್ತಾರೆ. ಅವರದ್ದು ತಪ್ಪಲ್ಲ, ನಮ್ಮ ಕಡೆ ಆ ಕೋಣೆಗೂ ಅದೇ ಹೆಸರು. ನಾನು ಇಲ್ಲಿ ಹೇಳಹೊರಟಿದ್ದು ಬೇರೆ. ಮೆಟ್ಟಿಲು ಹತ್ತುವಾಗ ತಲೆಯ ಮೇಲೆ ಎಷ್ಟು ಜಾಗ ಉಳಿಯುತ್ತದೆ ಎಂಬ ಲೆಕ್ಕ. ಗೊಂದಲ ಬೇಡ ಅಂತ ನಾನು ಡ್ರಾಯಿಂಗಿನಲ್ಲಿ 'ತಲೆ ಎತ್ತರ' ಎಂದೇ ಬರೆಯುತ್ತೇನೆ. ಇಲ್ಲೂ ಹಾಗೇ ಬರೆಯುತ್ತೇನೆ.

ನಾನು ಶಿರಸಿಯವನು. ಸಿವಿಲ್ ಡಿಪ್ಲೊಮಾ ಮುಗಿಸಿ ಮನೆ ಪ್ಲ್ಯಾನ್ ಬರೆಯುತ್ತಾ ಬಂದಿದ್ದೇನೆ. ಅರ್ಧ ಕೆಲಸ ಘಟ್ಟದ ಮೇಲೆ, ಇನ್ನರ್ಧ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಕಡೆ. ಈ ತಲೆ ಎತ್ತರದ ಪಾಠ ನಾನು ಪುಸ್ತಕದಿಂದ ಕಲಿತಿದ್ದಲ್ಲ, ಕುಮಟಾದಲ್ಲಿ ಅಕ್ಕನ ಮನೆಯಲ್ಲಿ ಕಲಿತಿದ್ದು.

ಆ ಮನೆಯ ಮೆಟ್ಟಿಲು ಹೀಗಿತ್ತು. ಕೆಳಗಿನ ನೆಲದಿಂದ ಮಹಡಿಯ ನೆಲಕ್ಕೆ, ಗ್ರಾನೈಟ್ ಸೇರಿಸಿ, 3060 ಮಿಲಿಮೀಟರ್. 170ರ 18 ರೈಸರ್ (ಒಂದೊಂದು ಮೆಟ್ಟಿಲಿನ ಏರು), ಟ್ರೆಡ್ (ಕಾಲಿಡುವ ಅಗಲ) 260. ಗೋಡೆಗುಂಟ ನೇರ 12 ರೈಸರ್ ಹತ್ತಿದರೆ ಲ್ಯಾಂಡಿಂಗ್, ಅಲ್ಲಿಂದ ತಿರುಗಿ 6. ಮಹಡಿ ಸ್ಲ್ಯಾಬಿನಲ್ಲಿ ಕಟೌಟ್, ಅಂದರೆ ಮೆಟ್ಟಿಲಿಗೆ ಬಿಡುವ ತೆರವು, ಎಲ್ಲಿಂದ ಶುರುವಾಗಬೇಕು ಎಂದು ಲೆಕ್ಕ ಹಾಕಿದ್ದೆ. ಸ್ಲ್ಯಾಬ್ 125, ಮೇಲೆ ಗ್ರಾನೈಟು ಮತ್ತು ಅದರ ಸಿಮೆಂಟು 50, ಕೆಳಗೆ ಪ್ಲಾಸ್ಟರ್ 12. ಒಟ್ಟು 187, ನಾನು 190 ಅಂತ ಹಿಡಿದೆ. 3060ರಲ್ಲಿ 190 ಹೋದರೆ 2870. ತಲೆ ಎತ್ತರ 2200 ಬೇಕು. ಅಂದರೆ ಸ್ಲ್ಯಾಬಿನ ಅಂಚಿನ ಕೆಳಗೆ ಬರುವಷ್ಟರಲ್ಲಿ ಮೆಟ್ಟಿಲು 670ಕ್ಕಿಂತ ಜಾಸ್ತಿ ಏರಿರಬಾರದು. ಮೊದಲ ರೈಸರಿನಿಂದ 765 ದೂರಕ್ಕೆ ಅಂಚು ಇಟ್ಟೆ. ಲೆಕ್ಕ ಸರಿಯಾಗೇ ಇತ್ತು.

ಆಮೇಲೆ ಸ್ಟ್ರಕ್ಚರಲ್ ಡ್ರಾಯಿಂಗ್ ಬಂತು. ಕಟೌಟಿನ ಅಂಚಿಗೆ ಒಂದು ಬೀಮ್, ಸ್ಲ್ಯಾಬ್ ಸೇರಿ 450 ಆಳ. ನಾನು ಅದನ್ನು ನನ್ನ ಪ್ಲ್ಯಾನಿನಲ್ಲಿ ಎರಡು ಚುಕ್ಕಿಗೆರೆಯಾಗಿ ಎಳೆದುಕೊಂಡೆ, ಸೆಕ್ಷನ್ (ಮನೆಯನ್ನು ಮೇಲಿಂದ ಕೆಳಕ್ಕೆ ಕತ್ತರಿಸಿ ನೋಡಿದಂತಿರುವ ಚಿತ್ರ) ತಿದ್ದಲಿಲ್ಲ. ಪ್ಲ್ಯಾನಿನಲ್ಲಿ ಬೀಮ್ ಅಂದರೆ ಎರಡು ಗೆರೆ ಅಷ್ಟೇ. ತಲೆಗೆ ಬಡಿಯುವ ಗೆರೆ ಅಂತ ಅದರ ಮೇಲೆ ಬರೆದಿರುವುದಿಲ್ಲ. ಬೀಮಿನ ತಳ 2548ಕ್ಕೆ ಬಂತು. ಕೆಳಗೆ ಮೆಟ್ಟಿಲು 670 ಏರಿ ನಿಂತಿತ್ತು. ಉಳಿದದ್ದು 1878. ಹಳೇ ಲೆಕ್ಕದಲ್ಲಿ ಆರಡಿ ಎರಡು ಇಂಚು.

ಭಾವ ಐದಡಿ ಏಳು ಇಂಚು. ಗೃಹಪ್ರವೇಶ ಆಗಿ ಮೂರು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ದಿನ ಕೆಲಸದವರು ತೆಂಗಿನಕಾಯಿ ಚೀಲ ತಲೆ ಮೇಲೆ ಹೊತ್ತು ಮಹಡಿಗೆ ಹೊರಟರು. ಮೂರನೇ ಮೆಟ್ಟಿಲು ದಾಟಿದ್ದೇ ಚೀಲ ಬೀಮಿಗೆ ಬಡಿಯಿತು. ಚೀಲ ಹಿಂದಕ್ಕೆ ಬಿತ್ತು, ಕಾಯಿಗಳು ಹಾಲಿನ ತುಂಬ ಉರುಳಿದವು. ದೇವರ ದಯೆ, ಮನುಷ್ಯರಿಗೆ ಏನೂ ಆಗಲಿಲ್ಲ. ಭಾವ ಆ ಬೀಮಿಗೆ ಒಂದು ತೋರಣ ಕಟ್ಟಿದ. ಈಗಲೂ ನೆಂಟರು ಮಹಡಿಗೆ ಹೊರಟರೆ "ಸ್ವಲ್ಪ ಬಗ್ಗಿ, ಅದು ನಮ್ಮ ಭಾವಮೈದ ಕೊಟ್ಟ ಉಡುಗೊರೆ" ಅನ್ನುತ್ತಾನೆ. ಕೇಳಿ ನಗಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಎಷ್ಟು ಇರಬೇಕು? ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮೆಟ್ಟಿಲ ಕೆಳಗೆ, ಲ್ಯಾಂಡಿಂಗ್ ಕೆಳಗೆ ಓಡಾಡುವ ದಾರಿಗೆ ಕನಿಷ್ಠ 2.2 ಮೀಟರ್ ಹೇಳುತ್ತದೆ. ನಾನು ಮೆಟ್ಟಿಲ ಮೇಲಕ್ಕೂ ಅದನ್ನೇ ಹಿಡಿಯುತ್ತೇನೆ. ವಿಡಿಯೊ ಪಾಠ ನೋಡಿ ಕಲಿಯುವವರು ಇಲ್ಲಿ ಹುಷಾರಾಗಿರಬೇಕು. ಅಮೆರಿಕದವರ ಪಾಠದಲ್ಲಿ ಆರಡಿ ಎಂಟು ಇಂಚು ಬರುತ್ತದೆ, ಅಂದರೆ 2032. ಇಂಗ್ಲೆಂಡಿನವರದ್ದು 2000. ಅವರ ಮನೆಯಲ್ಲಿ ಯಾರೂ ತಲೆ ಮೇಲೆ ಕಾಯಿ ಚೀಲ ಹೊತ್ತು ಮಹಡಿ ಹತ್ತುವುದಿಲ್ಲ. ನಮ್ಮಲ್ಲಿ ಕಾಯಿ, ಅಡಿಕೆ ಚೀಲ, ಮಂಚ, ಕಪಾಟು ಎಲ್ಲ ಹೋಗುವುದು ಅದೇ ಮೆಟ್ಟಿಲ ಮೇಲೆ.

ಈಗ ಅಳೆಯುವ ವಿಷಯ. ಪ್ರತಿ ಮೆಟ್ಟಿಲ ಮುಂದಿನ ತುದಿ, ಅಂದರೆ ನೋಸಿಂಗ್, ಇದೆಯಲ್ಲ, ಆ ತುದಿಗಳನ್ನೆಲ್ಲ ಮುಟ್ಟುವಂತೆ ಒಂದು ಓರೆ ಗೆರೆ ಎಳೆಯಿರಿ. ಆ ಗೆರೆಯಿಂದ ನೇರ ಮೇಲಕ್ಕೆ, ತೂಗುಗುಂಡು ಬಿಟ್ಟ ಹಾಗೆ, ಮೇಲಿನ ಅತಿ ತಗ್ಗಿನ ವಸ್ತುವಿನವರೆಗಿನ ದೂರವೇ ತಲೆ ಎತ್ತರ. ಟ್ರೆಡ್ಡಿನ ಮಧ್ಯದಿಂದ ಅಳೆಯುವುದಲ್ಲ. ಓರೆ ಗೆರೆಗೆ ಲಂಬವಾಗಿ ಅಳೆಯುವುದೂ ಅಲ್ಲ.

ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡಿನಲ್ಲಿ ಕೆಲಸ ಮಾಡುವವರಿಗೆ ಈ ಕೊನೇ ಮಾತು ತುಂಬ ಮುಖ್ಯ. ಸೆಕ್ಷನ್ ಬರೆದು, ನೋಸಿಂಗ್ ಗೆರೆ ಎಳೆದು, ಅಭ್ಯಾಸ ಬಲದಿಂದ ಆಫ್‌ಸೆಟ್ ಕೊಟ್ಟು 2200 ಅಂತ ಹೊಡೆಯುತ್ತಾರೆ. ಆಫ್‌ಸೆಟ್ ಕೊಡುವುದು ಓರೆ ಗೆರೆಗೆ ಲಂಬವಾದ ದೂರ, ನೇರ ಎತ್ತರ ಅಲ್ಲ. 170ಕ್ಕೆ 260ರ ಮೆಟ್ಟಿಲಿನ ಓರೆ ಸುಮಾರು 33 ಡಿಗ್ರಿ. ಅಲ್ಲಿ 2200 ಆಫ್‌ಸೆಟ್ ಅಂದರೆ ನೇರ ಎತ್ತರ 2629 ಆಗುತ್ತದೆ. ತಲೆ ತಾಗುವುದಿಲ್ಲ, ನಿಜ. ಆದರೆ ಆ ಗೆರೆ ನಂಬಿ ಕಟೌಟ್ ಬರೆದರೆ ಮಹಡಿಯಲ್ಲಿ 656 ಮಿಲಿಮೀಟರ್, ಎರಡಡಿಗಿಂತ ಜಾಸ್ತಿ, ಸುಮ್ನೆ ಹೋಯಿತು. ಸಣ್ಣ ಮನೆಯಲ್ಲಿ ಎರಡಡಿ ಅಂದರೆ ಒಂದು ಕಪಾಟಿನ ಜಾಗ ಅಲ್ವಾ?

ಹಾಗಾಗಿ ಆಫ್‌ಸೆಟ್ ಬಿಡಿ, ಕಾಪಿ ಹಿಡಿಯಿರಿ. ನೋಸಿಂಗ್ ಗೆರೆ ಆರಿಸಿ, ಕಾಪಿ ಕಮಾಂಡ್ ಕೊಟ್ಟು, ಒಂದು ತುದಿ ಕ್ಲಿಕ್ ಮಾಡಿ. ಎಫ್8 ಒತ್ತಿ ಆರ್ಥೋ ಹಾಕಿಕೊಳ್ಳಿ, ಮೌಸ್ ಮೇಲಕ್ಕೆ ಒಯ್ದು 2200 ಟೈಪ್ ಮಾಡಿ ಎಂಟರ್. ಬಂದ ಗೆರೆಗೆ ಕೆಂಪು ಬಣ್ಣ ಕೊಡಿ. ಆಮೇಲೆ ಕೆಳತುದಿಯಲ್ಲಿ, ಮೊದಲ ರೈಸರಿನ ಮುಂದೆ, ನೆಲದ ಮೇಲೂ 2200 ಎತ್ತರಕ್ಕೆ ಅಡ್ಡ ಗೆರೆ ಎಳೆಯಿರಿ. ಲ್ಯಾಂಡಿಂಗ್ ಮೇಲೂ ಹಾಗೇ. ಈ ಕೆಂಪು ಗೆರೆಯ ಕೆಳಗೆ ಬೀಮಿನ, ಸ್ಲ್ಯಾಬಿನ, ಲಿಂಟಲ್ಲಿನ (ಬಾಗಿಲ ಮೇಲಿನ ಅಡ್ಡ ತೊಲೆ) ಒಂದು ಮೂಲೆ ಇಳಿದರೂ ತಪ್ಪು ಅಂತ ಲೆಕ್ಕ. ಎಷ್ಟು ಇಳಿದಿದೆ ಎಂದು ನೋಡಲು ಡಿಎಲ್ಐ ಕೊಟ್ಟು ನೇರ ಅಳತೆ ಹಾಕಿ. ಓರೆ ಅಳತೆ ಕೊಡುವ ಡಿಎಎಲ್ ಬೇಡ.

ಇನ್ನೊಂದು ಸಣ್ಣ ವಿಷಯ. ಹೊಸ ಫೈಲ್ ತೆರೆಯುವಾಗ ಮಿಲಿಮೀಟರಿನ ಟೆಂಪ್ಲೇಟ್ ಆರಿಸಿದ್ದೀರಾ ನೋಡಿ. ಇಂಚಿನ ಫೈಲಿನಲ್ಲಿ 2200 ಹೊಡೆದು, ಗೆರೆ ಎಲ್ಲೋ ಆಕಾಶಕ್ಕೆ ಹೋಗಿ, "ಎಲ್ಲಾ ಸರಿ ಇದೆ, ಏನೂ ತಾಗುವುದಿಲ್ಲ" ಅಂದ ಹುಡುಗರನ್ನು ನೋಡಿದ್ದೇನೆ.

ಸೆಕ್ಷನ್ ಎಲ್ಲಿ ಕತ್ತರಿಸಬೇಕು? ಡಾಗ್‌ಲೆಗ್, ಅಂದರೆ ಲ್ಯಾಂಡಿಂಗಿನಲ್ಲಿ ಹಿಂದಕ್ಕೆ ತಿರುಗುವ ಮೆಟ್ಟಿಲಾದರೆ, ಎರಡೂ ಫ್ಲೈಟಿನಲ್ಲಿ (ಮೆಟ್ಟಿಲ ಸಾಲಿನಲ್ಲಿ). ಎರಡೂ ಫ್ಲೈಟಿಗೆ ಸಮ ಮೆಟ್ಟಿಲಿದ್ದರೆ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ. ಮೊದಲ ಫ್ಲೈಟಿಗೆ ಎರಡು ಮೂರು ಮೆಟ್ಟಿಲು ಜಾಸ್ತಿ ಕೊಟ್ಟಾಗ ಅದು ಹಾಲಿನೊಳಗೆ, ಮಹಡಿ ಬೀಮಿನ ಆಚೆಗೆ ಚಾಚಿಕೊಳ್ಳುತ್ತದೆ. ಅಲ್ಲಿ ಹುಷಾರು.

ಬೀಮಿನ ಲೆಕ್ಕ ನಾನು ಆಗ ಸರಿಯಾಗಿ ಹಾಕಿದ್ದರೆ ಏನು ಬರುತ್ತಿತ್ತು ಗೊತ್ತೇ? ಬೀಮಿನ ತಳ 2548, ತಲೆ ಎತ್ತರ 2200 ಕಳೆದರೆ 348. ನೋಸಿಂಗ್ ಗೆರೆ 348 ಏರುವುದು ಮೊದಲ ರೈಸರಿನಿಂದ 272 ದೂರದಲ್ಲಿ. ಅಂದರೆ ಬೀಮಿನ ಒಳ ಅಂಚು 765ರಲ್ಲಿ ಅಲ್ಲ, 272ರಲ್ಲಿ ಇರಬೇಕಿತ್ತು. ಒಂದೇ ಒಂದು ಬೀಮಿಗೆ ಕಟೌಟ್ ಒಂದೂವರೆ ಅಡಿಗಿಂತ ಜಾಸ್ತಿ ಹಿಗ್ಗಬೇಕು. ಸ್ಟ್ರಕ್ಚರಲ್ ಡ್ರಾಯಿಂಗ್ ಕೈಗೆ ಬರುವ ಮೊದಲು ಮಾಡಿದ ತಲೆ ಎತ್ತರದ ಚೆಕ್ ಚೆಕ್ಕೇ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

3ಡಿ ಮಾಡೆಲ್ ಮಾಡುವ ಸ್ಕೆಚಪ್ಪಿನಲ್ಲಿ ಇದೇ ಕೆಲಸ ಕಣ್ಣಿಗೆ ಕಾಣುವ ಹಾಗೆ ಮಾಡಬಹುದು. ಮನೆಯವರಿಗೆ ತೋರಿಸಲಿಕ್ಕೂ ಒಳ್ಳೆಯದು. ಹಲವರು ಮೆಟ್ಟಿಲ ಗ್ರೂಪನ್ನೇ 2200 ಮೇಲಕ್ಕೆ ಕಾಪಿ ಮಾಡಿ ಇಟ್ಟು, ಅದು ಬೀಮಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಅದರಲ್ಲಿ ಒಂದು ಮೋಸ ಇದೆ. ಬೀಮ್ ತುಂಬ ತಗ್ಗಿನಲ್ಲಿದ್ದರೆ ಅದರ ತಳದ ಮೂಲೆ ಮೂಲ ಮೆಟ್ಟಿಲಿಗೂ ಮೇಲಿನ ಕಾಪಿಗೂ ನಡುವಿನ ಖಾಲಿ ಜಾಗದಲ್ಲಿ ನೇತಾಡುತ್ತಿರುತ್ತದೆ. ಮೇಲಿನ ಕಾಪಿಗೆ ಎಲ್ಲಿ ಸಿಕ್ಕಿದೆ ಎಂದಷ್ಟೇ ನೋಡಿದರೆ ಎಷ್ಟು ತಗ್ಗಿದೆ ಎಂಬುದು ತಿಳಿಯುವುದೇ ಇಲ್ಲ.

ನಾನು ಮಾಡುವುದು ಹೀಗೆ. ಮೆಟ್ಟಿಲ ಪಕ್ಕಕ್ಕೆ ಬಂದು ಮೊದಲ ನೋಸಿಂಗಿನಿಂದ ಕೊನೆಯ ನೋಸಿಂಗಿಗೆ ಗೆರೆ ಎಳೆಯುತ್ತೇನೆ. ಎಂ (ಮೂವ್) ಒತ್ತಿ, ಕಾಪಿಗಾಗಿ ಕಂಟ್ರೋಲ್ ಒಮ್ಮೆ ತಟ್ಟಿ, ತುದಿ ಹಿಡಿದು, ಮೇಲಿನ ಬಾಣದ ಕೀ ಒತ್ತಿದರೆ ಚಲನೆ ನೀಲಿ ಅಕ್ಷಕ್ಕೆ ಲಾಕ್ ಆಗುತ್ತದೆ. 2200 ಎಂಟರ್. ಎರಡು ಗೆರೆಗಳ ತುದಿ ಸೇರಿಸಿದರೆ ಓರೆಯಾದ ಒಂದು ಹಾಳೆ ಸಿಗುತ್ತದೆ. ಪಿ (ಪುಶ್‌ಪುಲ್) ಒತ್ತಿ ಅದನ್ನು ಮೆಟ್ಟಿಲ ಪೂರ್ತಿ ಅಗಲಕ್ಕೆ ಎಳೆಯಿರಿ. ಗ್ರೂಪ್ ಮಾಡಿ, ಅರೆಪಾರದರ್ಶಕ ಕೆಂಪು ಬಣ್ಣ ಕೊಡಿ. ನಮ್ಮ ಆಫೀಸಿನಲ್ಲಿ ಇದಕ್ಕೆ 'ದೆವ್ವ' ಅಂತ ಹೆಸರು. ಮೆಟ್ಟಿಲ ಮೇಲೆ ಯಾರೋ ಸದಾ ನಿಂತೇ ಇದ್ದಾರೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ದೆವ್ವವನ್ನು ಐದು ಮಿಲಿಮೀಟರ್ ಮೇಲಕ್ಕೆತ್ತಿ ಇಡಿ. ಇಲ್ಲದಿದ್ದರೆ ನೋಸಿಂಗ್ ತುದಿಗಳೇ ಅದರ ತಳಕ್ಕೆ ಅಂಟಿಕೊಂಡು, ಎಲ್ಲ ಕಡೆ ತಾಗುತ್ತಿದೆ ಎಂದು ತೋರಿಸುತ್ತದೆ. ಆಮೇಲೆ ಕ್ಯಾಮೆರಾ ತಿರುಗಿಸಿ ನೋಡಿದರೆ ಸಾಕು. ಕೆಂಪಿನೊಳಗೆ ಬೀಮ್ ತೂರಿದ್ದರೆ ತಕ್ಷಣ ಕಾಣುತ್ತದೆ. ಗಡಿ ನಿಖರವಾಗಿ ಬೇಕಾದರೆ ಗ್ರೂಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಇಂಟರ್‌ಸೆಕ್ಟ್ ಫೇಸಸ್ ಕೊಡಿ, ವಿತ್ ಮಾಡೆಲ್. ತಾಗಿದ ಕಡೆ ಗೆರೆ ಮೂಡುತ್ತದೆ. ಟಿ ಒತ್ತಿ ಟೇಪಿನಿಂದ ಬೀಮಿನ ಮೂಲೆಯಿಂದ ನೇರ ಕೆಳಕ್ಕೆ ಅಳೆದುಕೊಳ್ಳಿ.

ಲ್ಯಾಂಡಿಂಗ್ ಬದಲು ತಿರುವಿನಲ್ಲಿ ಮೂಲೆ ಮೆಟ್ಟಿಲು ಕೊಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ನೋಸಿಂಗ್ ಗೆರೆ ನೇರ ಇರುವುದಿಲ್ಲ. ಆಗ ಟ್ರೆಡ್ಡಿನ ಮೇಲ್ಮೈಗಳನ್ನು ಕಾಪಿ ಮಾಡಿ, ಒಂದೊಂದನ್ನೂ ಪುಶ್‌ಪುಲ್ಲಿನಿಂದ ಮೇಲಕ್ಕೆ ಎಳೆಯಬೇಕು. ಮೊದಲನೆಯದಕ್ಕೆ ಅಳತೆ ಕೊಟ್ಟರೆ ಉಳಿದವುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರಾಯಿತು, ಅಷ್ಟೇ ಏರುತ್ತವೆ. ಇಲ್ಲಿ ಮಾತ್ರ ನಾನು 2200 ಕೊಡುವುದಿಲ್ಲ, ಒಂದು ರೈಸರ್ ಸೇರಿಸಿ 2370 ಕೊಡುತ್ತೇನೆ. ಯಾಕೆ? ಹೀಗೆ ಮೇಲಕ್ಕೆ ಎಳೆದ ಕಂಬ ನಿಂತಿರುವುದು ಟ್ರೆಡ್ಡಿನ ಮೇಲೆ. ಆದರೆ ಅದೇ ಟ್ರೆಡ್ಡಿನ ಹಿಂಬದಿಗೆ ಬರುವಷ್ಟರಲ್ಲಿ ನೋಸಿಂಗ್ ಗೆರೆ ಒಂದು ರೈಸರಿನಷ್ಟು ಮೇಲೇರಿರುತ್ತದೆ. ಬೀಮಿನ ಮೂಲೆ ಸರಿಯಾಗಿ ಟ್ರೆಡ್ಡಿನ ಹಿಂಭಾಗದ ಮೇಲೆ ಬಂದರೆ 2200ರ ಕಂಬ ಅದನ್ನು ಹಿಡಿಯುವುದಿಲ್ಲ. 2370ರಲ್ಲಿ ಸಿಕ್ಕಿದ್ದನ್ನೆಲ್ಲ ಆಮೇಲೆ ಕೈಯಲ್ಲಿ ಅಳೆದು, ಸುಳ್ಳು ಎಚ್ಚರಿಕೆ ಬಿಟ್ಟುಬಿಡಬಹುದು.

ಇನ್ನೊಂದು ಕಟ್ಟಡ ಮಾಡೆಲ್ ಸಾಫ್ಟ್‌ವೇರ್ ರೆವಿಟ್. ಅದರಲ್ಲಿ ಕೆಲಸ ಮಾಡುವವರು ನಮ್ಮ ಕಡೆ ಕಡಿಮೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಇದೇ ದೆವ್ವವನ್ನು ಇನ್‌ಪ್ಲೇಸ್ ಮಾಡೆಲ್ ಆಗಿ, ಜೆನೆರಿಕ್ ಮಾಡೆಲ್ ವರ್ಗದಲ್ಲಿ ಮಾಡಿ. ಕೊಲಾಬೊರೇಟ್ ಟ್ಯಾಬಿನಲ್ಲಿ ಇಂಟರ್‌ಫಿಯರೆನ್ಸ್ ಚೆಕ್ ಓಡಿಸಿ. ಎಡಗಡೆ ಜೆನೆರಿಕ್ ಮಾಡೆಲ್, ಬಲಗಡೆ ಫ್ಲೋರ್, ಸ್ಟ್ರಕ್ಚರಲ್ ಫ್ರೇಮಿಂಗ್, ರೂಫ್, ಸೀಲಿಂಗ್. ಸೀಲಿಂಗ್ ಮರೆಯಬೇಡಿ. ಫಾಲ್ಸ್ ಸೀಲಿಂಗ್ ಬಂದು ಆರು ಇಂಚು ತಿಂದ ಮನೆಗಳಿವೆ. ಸ್ಟ್ರಕ್ಚರಲ್ ಮಾಡೆಲ್ ಬೇರೆ ಫೈಲಿನಿಂದ ಲಿಂಕ್ ಆಗಿ ಬಂದಿದ್ದರೆ ಒಂದು ಬದಿಯ ಪಟ್ಟಿಯಲ್ಲಿ ಆ ಲಿಂಕ್ ಆರಿಸಬೇಕು. ಇಲ್ಲವಾದರೆ ಬೀಮುಗಳನ್ನು ಅದು ನೋಡುವುದೇ ಇಲ್ಲ, ಏನೂ ತಾಗಿಲ್ಲ ಎಂದು ಹೇಳುತ್ತದೆ. ನೀವು ನಂಬುತ್ತೀರಿ.

ಲ್ಯಾಂಡಿಂಗ್ ಕೆಳಗಿನ ಜಾಗಕ್ಕೆ ಎಲ್ಲರದ್ದೂ ಒಂದೇ ಆಸೆ: ಅಲ್ಲೊಂದು ಟಾಯ್ಲೆಟ್ ಮಾಡಿ ಕೊಡಿ. ಅಕ್ಕನ ಮನೆಯಲ್ಲಿ ಲ್ಯಾಂಡಿಂಗ್ 12ನೇ ರೈಸರಿನಲ್ಲಿ, ಅಂದರೆ 2040. ಅದರಲ್ಲಿ 150 ಸ್ಲ್ಯಾಬ್, 50 ಗ್ರಾನೈಟು, 12 ಪ್ಲಾಸ್ಟರ್ ಕಳೆದರೆ ತಳ 1828. ಅಲ್ಲಿ ಓಡಾಡಲಿಕ್ಕಾಗುವುದಿಲ್ಲ. ಈಗ ಹಳೇ ಪಾತ್ರೆ, ಬುಟ್ಟಿ, ಭಾವನ ಹಳೇ ಸೈಕಲ್ ಅಲ್ಲಿವೆ. ಸಮ ಫ್ಲೈಟಿನ ಡಾಗ್‌ಲೆಗ್ಗಿನಲ್ಲಂತೂ 9ನೇ ರೈಸರಿಗೇ ಲ್ಯಾಂಡಿಂಗ್, ತಳ 1318. ಕೂತು ಒಳಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಡೆ ತಲೆ ತಾಗುತ್ತದೆ. ಅದನ್ನು ಬೇರೆ ಊರಿನವರು ಬರೆದ ಪಾಠದಲ್ಲಿ ನೀವು ನೋಡುವುದು ಕಷ್ಟ. ಮಳೆಗಾಗಿ ಟೆರೇಸಿನ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಅಥವಾ ಹೆಂಚು ಹಾಕಿಸುತ್ತೇವಲ್ಲ. ಮೆಟ್ಟಿಲು ಟೆರೇಸಿಗೆ ಹೊರಬರುವ ಜಾಗ ಮಾಡಿನ ಇಳಿಜಾರಿನ ತಗ್ಗಿನ ಬದಿಗೆ ಇದ್ದರೆ ಕಷ್ಟ ಶುರು. ಮಾಡೆಲ್ಲಿನಲ್ಲಿ ಹುಡುಗರು ಶೀಟನ್ನಷ್ಟೇ ಬರೆಯುತ್ತಾರೆ. ಶೀಟು ತಲೆಗೆ ತಾಗುವುದಿಲ್ಲ. ತಾಗುವುದು ಅದರ ಕೆಳಗಿನ ಪೈಪು, ಟ್ರಸ್ಸಿನ ಅಡ್ಡ ಕಂಬಿ. ಅದನ್ನೂ ಬರೆಯಿರಿ, ದೆವ್ವವನ್ನು ಟೆರೇಸಿನ ಮೇಲೂ ಒಂದು ಮೀಟರ್ ಮುಂದಕ್ಕೆ ಚಾಚಿ.

ಅಲ್ಲೇ ಇನ್ನೊಂದಿದೆ. ಟೆರೇಸಿನ ನೀರು ಮೆಟ್ಟಿಲೊಳಗೆ ಬರಬಾರದು ಅಂತ ಬಾಗಿಲಿಗೆ 150 ಎತ್ತರದ ಹೊಸ್ತಿಲು ಕಟ್ಟುತ್ತೇವೆ. ಕಟ್ಟದೇ ಇದ್ದರೆ ಜೂನಿನಲ್ಲೇ ಗೊತ್ತಾಗುತ್ತದೆ. ಆದರೆ ಲಿಂಟಲ್ಲನ್ನು ಟೆರೇಸ್ ನೆಲದಿಂದ 2100ಕ್ಕೇ ಇಟ್ಟಿರುತ್ತಾರೆ. ಹೊಸ್ತಿಲ ಮೇಲೆ ಕಾಲಿಟ್ಟವನಿಗೆ ಉಳಿಯುವುದು 1950. ಲಿಂಟಲ್ ಎತ್ತರ ಹೊಸ್ತಿಲಿನ ಮೇಲಿಂದ ಎಣಿಸಿ, ನೆಲದಿಂದಲ್ಲ. ಸಿದ್ದಾಪುರದ ಕಡೆ ನಮ್ಮ ಅಜ್ಜನ ಮನೆ ಬಾಗಿಲುಗಳು ಇದಕ್ಕಿಂತ ತಗ್ಗು, ಅಲ್ಲಿ ಬಗ್ಗುವುದು ಎಲ್ಲರಿಗೂ ಅಭ್ಯಾಸ. ಹೊಸ ಮನೆಯಲ್ಲಿ ಯಾರಿಗೂ ಬಗ್ಗುವ ನೆನಪಿರುವುದಿಲ್ಲ.

ದೆವ್ವಕ್ಕೆ ಬೀಮ್ ತಾಗಿತು ಅಂತಿಟ್ಟುಕೊಳ್ಳಿ. ಡ್ರಾಯಿಂಗ್ ಹಂತದಲ್ಲಾದರೆ ದಾರಿ ಹಲವು. ಕಟೌಟ್ ಹಿಗ್ಗಿಸಿ ಬೀಮನ್ನು ಹಿಂದಕ್ಕೆ ಸರಿಸುವುದು ಒಂದು. ಲ್ಯಾಂಡಿಂಗ್ ಬದಿಗೆ ಜಾಗ ಇದ್ದರೆ ಇಡೀ ಮೆಟ್ಟಿಲನ್ನೇ ಒಂದು ಟ್ರೆಡ್ ಆ ಕಡೆಗೆ ಸರಿಸುವುದು ಇನ್ನೊಂದು. ಬೀಮನ್ನು ತಲೆಕೆಳಗು ಮಾಡಿ ಸ್ಲ್ಯಾಬಿನ ಮೇಲಕ್ಕೆ ಎಬ್ಬಿಸುವುದೂ ಆಗುತ್ತದೆ. ಅದು ಮಹಡಿಯಲ್ಲಿ ಕಟ್ಟೆಯ ಹಾಗೆ ನಿಲ್ಲುತ್ತದೆ, ಅದರ ಮೇಲೆಯೇ ರೇಲಿಂಗ್ ಕೂರಿಸಬಹುದು. ನನಗೆ ಇದು ಇಷ್ಟ. ಆದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಬೇಕು. ರೈಸರ್ ಎತ್ತರ ಕೆಡಿಸಿ ಹೊಂದಿಸುವುದು ಮಾತ್ರ ಬೇಡ. ಮನೆಗಳಿಗೆ 190 ಗರಿಷ್ಠ, ಅಷ್ಟಕ್ಕೆ ಹೋದರೆ ಆಯಿಗೆ ಮಂಡಿ ನೋವು ಶುರು.

ಬೀಮ್ ಹಾಕಿ ಆದ ಮೇಲೆ ಗೊತ್ತಾದರೆ "ಸ್ವಲ್ಪ ಕೆಳಗೆ ಚಿಪ್ಪಿಂಗ್ ಮಾಡಿಬಿಡೋಣ" ಅನ್ನುವವರು ಸಿಗುತ್ತಾರೆ. ಬೀಮಿನ ಮುಖ್ಯ ಕಂಬಿಗಳು ಇರುವುದೇ ಆ ತಳದಲ್ಲಿ. ಉಳಿ ಮುಟ್ಟಿಸಬೇಡಿ. ತೋರಣ ಕಟ್ಟಿಕೊಳ್ಳಿ.

ಕಂಪ್ಯೂಟರಿನಲ್ಲಿ ಎಲ್ಲ ಸರಿ ಬಂದರೂ ನಾನು ಸೆಂಟ್ರಿಂಗ್ ಹೊಡೆದ ದಿನ ಒಮ್ಮೆ ಸೈಟಿಗೆ ಹೋಗುತ್ತೇನೆ. ಬೀಮಿನ ತಳದ ಹಲಗೆ ಕೂತಿರುತ್ತದೆ, ಕಾಂಕ್ರೀಟ್ ಇನ್ನೂ ಬಿದ್ದಿರುವುದಿಲ್ಲ, ತಿದ್ದಲು ಅದೇ ಕೊನೆಯ ಅವಕಾಶ. ಮೆಟ್ಟಿಲು ಆಗಿರದಿದ್ದರೆ ಪಕ್ಕದ ಗೋಡೆಯ ಚಿರೇಕಲ್ಲಿನ ಮೇಲೆ ಇದ್ದಿಲಿನಿಂದ ರೈಸರ್, ಟ್ರೆಡ್ ಬರೆದುಕೊಳ್ಳುತ್ತೇನೆ. ನೆಲಕ್ಕೆ ಗ್ರಾನೈಟು ಬರುವುದನ್ನು ಕೂಡಿಸಿ, ಮುಗಿದ ನೆಲದಿಂದ. ವೈರಿಂಗ್ ಪೈಪಿನ ಒಂದು ತುಂಡನ್ನು ಸರಿಯಾಗಿ 2212ಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇನೆ, 2200 ತಲೆಗೆ, 12 ಪ್ಲಾಸ್ಟರಿಗೆ. ಅದರ ಬುಡವನ್ನು ಗೋಡೆಯ ಮೇಲೆ ಬರೆದ ಓರೆ ಗೆರೆಗೆ ಹಿಡಿದು, ನೇರ ನಿಲ್ಲಿಸಿ, ಮೊದಲ ಮೆಟ್ಟಿಲಿಂದ ಲ್ಯಾಂಡಿಂಗಿನವರೆಗೆ ಮೆಲ್ಲಗೆ ಜರುಗಿಸುತ್ತಾ ಹೋಗುತ್ತೇನೆ. ಪೈಪು ಹಲಗೆಗೆ ತಾಗದೆ ದಾಟಿದರೆ ಮೇಸ್ತ್ರಿಗೆ "ನಾಳೆ ಹಾಕಿ" ಅನ್ನುತ್ತೇನೆ.